ಅಪ್‌ಡೇಟ್: ಮ್ಯೂನಿಕ್‌ನಲ್ಲಿ ಮಗಳಿಗೆ ಬಾಡಿಗೆ ಮನೆ ಸಿಕ್ಕಿತು

ಕೆಲಸಕ್ಕೆಂದು ಜರ್ಮನಿಗೆ ಹೋದ ಮಗಳಿಗೆ, ಸಾಲದ ಹಿನ್ನೆಲೆ ತೋರಿಸುವ 'ಶೂಫಾ' ಪತ್ರವಿಲ್ಲದೆ ಬಾಡಿಗೆ ಮನೆ ದೊರೆಯುವುದು ಹೇಗೆಂದು ತೀರ್ಥಹಳ್ಳಿಯಿಂದ ಕೇಳಿದ್ದೆ. ತಾವು ಸೂಚಿಸಿದಂತೆ ಅವಳು ನೌಕರಿಯ ಕರಾರುಪತ್ರವನ್ನೂ 3 ತಿಂಗಳ ಸಂಬಳದ ಚೀಟಿಗಳನ್ನೂ ಮುಂದಿಟ್ಟಳು. ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಮನೆ ಸಿಕ್ಕಿತು. ಮನೆ ತೋರಿಸುವ ಮೊದಲೇ ಹಣ ಕೇಳಿದವನೊಬ್ಬನನ್ನು ತಮ್ಮ ಎಚ್ಚರಿಕೆಯ ಮಾತಿನಿಂದಾಗಿ ದೂರವಿಟ್ಟೆವು. ಮುಂಗಡವು ಬಿಸಿನೀರು, ಹೀಟರ್ ಮುಂತಾದ ಖರ್ಚು ಸೇರದ ಬರಿಯ ಬಾಡಿಗೆಯ 3 ತಿಂಗಳ ಮೊತ್ತವನ್ನು ಮೀರಬಾರದೆಂದೂ, ಅದನ್ನು 3 ಸಮ ಕಂತುಗಳಲ್ಲಿ ಕಟ್ಟಬಹುದೆಂದೂ ಅಲ್ಲಿನ ಕಾನೂನೇ ಹೇಳುತ್ತದೆ. ಬೆಂಗಳೂರಿನಲ್ಲಿ 10 ತಿಂಗಳ ಮುಂಗಡ ತೆತ್ತಿದ್ದ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಲು ಬೇಕಾದ ಮಾಲೀಕರ ದೃಢೀಕರಣವೂ ಕೈಸೇರಿದೆ. ಅಡುಗೆಮನೆಯಲ್ಲಿ ಒಲೆಯಾಗಲಿ ಸಿಂಕಾಗಲಿ ಇಲ್ಲದಿರುವುದೇ ಈಗಿನ ಚಿಂತೆ.