ಕುರಿ ಮಂದೆ ನಿಲ್ಲಿಸಿದ ಹೊಲದಲ್ಲಿ ಕ್ಯಾರೆಟ್, ಕೊತ್ತಂಬರಿ: ಎಷ್ಟು ದಿನ ಬಿಡಬೇಕು?

ಕೇಳಿದವರು, ಚಿಂತಾಮಣಿ ಕಡೆಯಿಂದ:

ರಾಗಿ ಕೊಯ್ದ ಹೊಲದಲ್ಲಿ ಫೆಬ್ರವರಿ ಮಧ್ಯದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿ, ಆಮೇಲೆ ಉಳುಮೆ ಮಾಡಿಸಿದೆವು. ಈಗ ಡ್ರಿಪ್ ಹಾಕಿದ್ದೇವೆ. ನಾನೂ ನಮ್ಮ ಯಜಮಾನರೂ ಕ್ಯಾರೆಟ್, ಕೊತ್ತಂಬರಿ, ಸೌತೆ ಬೆಳೆದು ನೇರವಾಗಿ ಮನೆಗಳಿಗೆ ಕೊಡೋಣ ಅಂದುಕೊಂಡಿದ್ದೇವೆ. ಕೊಳ್ಳುವವರೊಬ್ಬರು, "ಹಸಿ ಗೊಬ್ಬರದಲ್ಲಿರುವ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತಂತೆ, ನಿಜವಾ?" ಎಂದು ಕೇಳಿದರು. ಅವರ ಮನೆಯಲ್ಲಿ ಚಿಕ್ಕ ಮಗು ಇದೆ. ಗೊತ್ತಿರುವವರು ಹೇಳಿ.

ತುಮಕೂರು ಕಡೆಯ ತರಕಾರಿ ಬೆಳೆಗಾರರು:

ನಿಜ ಅಕ್ಕ. ನಾವು ಅಮೆರಿಕದ ಸಾವಯವ ನಿಯಮದ ಲೆಕ್ಕ ಇಟ್ಟುಕೊಂಡಿದ್ದೇವೆ. ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ, ಹಸಿ ಗೊಬ್ಬರ ಮಣ್ಣಿಗೆ ಸೇರಿಸಿದ ಮೇಲೆ ಕೊಯ್ಲಿಗೆ ಕನಿಷ್ಠ 120 ದಿನ ಆಗಿರಬೇಕು. ಮಣ್ಣಿಗೆ ತಾಗದ ಬೆಳೆಯಾದರೆ 90 ದಿನ. ಗಮನಿಸಿ, ಲೆಕ್ಕ ಬಿತ್ತನೆವರೆಗೆ ಅಲ್ಲ, ಕೊಯ್ಲಿನವರೆಗೆ.

ನಿಮ್ಮ ಹೊಲಕ್ಕೆ ಹೊಂದಿಸಿದರೆ ಜೂನ್ ಮಧ್ಯದವರೆಗೆ ಕ್ಯಾರೆಟ್, ಕೊತ್ತಂಬರಿ ಕೊಯ್ಯುವ ಹಾಗಿಲ್ಲ. ಕ್ಯಾರೆಟ್ ಬೆಳೆಯಲು ಮೂರು ತಿಂಗಳು ಬೇಕು, ಹಾಗಾಗಿ ಏಪ್ರಿಲ್‌ನಲ್ಲಿ ಬಿತ್ತಿದರೆ ದಿನ ದಾಟುತ್ತದೆ. ಕೊತ್ತಂಬರಿಯದ್ದೇ ತೊಂದರೆ. ಅದು 40–45 ದಿನದ ಬೆಳೆ. ಈಗಲೇ ಚೆಲ್ಲಿದರೆ ಗೊಬ್ಬರ ಇನ್ನೂ ಹಸಿಯಾಗಿರುವಾಗಲೇ ಕಟ್ಟು ಮಾರುಕಟ್ಟೆಗೆ ಹೋಗುತ್ತದೆ. ಮೇ ತಿಂಗಳು ಕಳೆಯಲಿ. ಸೌತೆಯನ್ನು ನೆಲದಲ್ಲಿ ಹರಡಲು ಬಿಡಬೇಡಿ, ಚಪ್ಪರಕ್ಕೆ ಹತ್ತಿಸಿ.

ಇನ್ನೊಂದು ಮಾತು. ಕುರಿ ನಿಲ್ಲಿಸುವ ನಮ್ಮ ಪದ್ಧತಿ ಬಹಳ ಒಳ್ಳೆಯದು, ಅದರ ಮೇಲೆ ನನಗೆ ಗೌರವವಿದೆ. ಆದರೆ ಅದು ಮಳೆ ನೆಚ್ಚಿದ ಹೊಲಕ್ಕೆ ಹುಟ್ಟಿದ ಪದ್ಧತಿ. ಬೇಸಿಗೆಯಲ್ಲಿ ಮಂದೆ, ಮಳೆಗೆ ರಾಗಿ ಬಿತ್ತನೆ, ಕಾರ್ತೀಕದ ಹೊತ್ತಿಗೆ ಕೊಯ್ಲು. ನಡುವೆ ಆರೇಳು ತಿಂಗಳು ತಾನಾಗಿಯೇ ಸಿಗುತ್ತಿತ್ತು, ಮೇಲಾಗಿ ರಾಗಿಯನ್ನು ಬೇಯಿಸಿಯೇ ತಿನ್ನುತ್ತೇವೆ. ಕೊಳವೆಬಾವಿ ಬಂದ ಮೇಲೆ ಆ ಬಿಡುವು ಹೋಯಿತು, ಹಸಿಯಾಗಿ ತಿನ್ನುವ ಬೆಳೆ ಬಂತು. ಪದ್ಧತಿ ಅದೇ ಉಳಿಯಿತು.

ಬೆಂಗಳೂರಿನಿಂದ, ಮೈಕ್ರೋಬಯಾಲಜಿ ಓದಿದವರು:

ಮೇಲಿನವರು ಹೇಳಿದ್ದು ಸರಿ. ಆದರೆ 120 ದಿನ ಕಳೆದ ತಕ್ಷಣ ಎಲ್ಲಾ ಸತ್ತಿರುತ್ತವೆ ಅಂದುಕೊಳ್ಳಬೇಡಿ. ಅಮೆರಿಕದ ಜಾರ್ಜಿಯಾದಲ್ಲಿ ಬೇಕೆಂದೇ ರೋಗಾಣು ಬೆರೆಸಿದ ಗೊಬ್ಬರ ಹಾಕಿ ಕ್ಯಾರೆಟ್, ಈರುಳ್ಳಿ ಬೆಳೆದು ನೋಡಿದ್ದರು. 2005ರಲ್ಲಿ ಅದು ಪ್ರಕಟವಾಯಿತು. ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಒ157 ಎಂಬ ಬಗೆ ಮಣ್ಣಿನಲ್ಲಿ 154ರಿಂದ 196 ದಿನ ಇತ್ತು. ಈರುಳ್ಳಿಯ ಮೇಲೆ 74 ದಿನ ಸಿಕ್ಕಿತು, ಕ್ಯಾರೆಟ್ ಮೇಲೆ 168 ದಿನ. ಅಲ್ಲಿ ಬೆರೆಸಿದ ಪ್ರಮಾಣ ಜಾಸ್ತಿ, ನಿಜ. ಆದರೂ ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಚಿಂತೆ ಕ್ಯಾರೆಟ್ಟಿನದ್ದೇ.

ಎಲ್ಲಾ ಮಣ್ಣಿನಲ್ಲೂ ಒಂದೇ ಲೆಕ್ಕ ನಡೆಯುವುದಿಲ್ಲ. ಮೇಲ್ಮಣ್ಣು ಒಣಗಿ ಬಿಸಿಲು ಬಿದ್ದರೆ ಬೇಗ ಸಾಯುತ್ತವೆ. ತೇವ, ತಂಪು, ಜಿಗುಟು ಮಣ್ಣು ಇದ್ದರೆ ಜಾಸ್ತಿ ದಿನ ಬದುಕುತ್ತವೆ. ಮಣ್ಣಿನಲ್ಲಿ ಮೊದಲೇ ಇರುವ ಸೂಕ್ಷ್ಮಜೀವಿಗಳೂ ಇವುಗಳನ್ನು ತಿಂದು, ಪೈಪೋಟಿ ಕೊಟ್ಟು ಕಡಿಮೆ ಮಾಡುತ್ತವೆ. ಡ್ರಿಪ್ಪಿನ ಕೆಳಗೆ ಸದಾ ತೇವ ಇರುವ ಸಾಲು ಅಂದರೆ ರೋಗಾಣುವಿಗೆ ಅನುಕೂಲದ ಜಾಗ.

ಈ ಒ157 ದನ, ಕುರಿಯ ಕರುಳಿನಲ್ಲಿ ಇದ್ದರೂ ಅವಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮಂದೆ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ತಗುಲಿದರೆ ರಕ್ತಭೇದಿ ಆಗಿ, ಕೆಲವರಲ್ಲಿ ಕಿಡ್ನಿಯೇ ನಿಲ್ಲಬಹುದು. ನಿಮ್ಮ ಗ್ರಾಹಕರ ಭಯ ಸುಮ್ನೆ ಭಯ ಅಲ್ಲ.

ನನ್ನ ಸಲಹೆ: ಈ ವರ್ಷ ಆ ಹೊಲಕ್ಕೆ ಬದನೆ, ಹುರುಳಿಕಾಯಿ, ಮುಸುಕಿನ ಜೋಳ ಹಾಕಿ. ಕ್ಯಾರೆಟ್, ಕೊತ್ತಂಬರಿಗೆ ಮಂದೆ ನಿಲ್ಲಿಸದ ಬೇರೆ ತುಂಡು ಇದ್ದರೆ ಅಲ್ಲಿ ಬೆಳೆಯಿರಿ.

ಕೇಳಿದವರು:

ತುಂಬಾ ಉಪಕಾರ ಆಯ್ತು. ಮುಂದಿನ ವರ್ಷ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿ, ಹಳೆಯದಾದ ಮೇಲೆ ಬಳಸಿದರೆ ಸಾಕಾ?

ಬೆಂಗಳೂರಿನಿಂದ, ಅದೇ ಓದುಗರು:

ಸುಮ್ನೆ ಬಿಟ್ಟ ತಿಪ್ಪೆಯನ್ನು ನಂಬಬೇಡಿ. ಅಮೆರಿಕದ ಐಡಾಹೋದವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿರುವಿ ಹಾಕದ ಕುರಿ ಗೊಬ್ಬರದ ರಾಶಿಯಲ್ಲಿ ಒ157 ಬರೋಬ್ಬರಿ 21 ತಿಂಗಳು ಬದುಕಿತ್ತು. ಗಾಳಿಯಾಡಿಸಿದ ರಾಶಿಯಲ್ಲಿ 4 ತಿಂಗಳು. ಕೊಲ್ಲುವುದು ವಯಸ್ಸಲ್ಲ, ಕಾವು. ಉದ್ದ ಸಾಲಾಗಿ ರಾಶಿ ಹಾಕಿ, 15 ದಿನ 55 ಡಿಗ್ರಿಗಿಂತ ಮೇಲೆ ಕಾವು ಇರಬೇಕು. ಆ ಅವಧಿಯಲ್ಲಿ ಐದು ಸಲ ತಿರುವಬೇಕು, ಹೊರಗಿನದ್ದು ಒಳಗೆ ಹೋಗುವ ಹಾಗೆ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ಹಿಕ್ಕೆಯ ಜೊತೆ ಒಣ ಹುಲ್ಲು, ಎಲೆ ಸೇರಿಸಿದರೆ ಗಾಳಿ ಚೆನ್ನಾಗಿ ಆಡುತ್ತದೆ.

ಮಂಡ್ಯದಿಂದ:

ಜೀವಾಮೃತ ಬಳಸುವವರಿಗೂ ಇದೇ ಲೆಕ್ಕ ಅಲ್ವಾ? ಹಸಿ ಸಗಣಿ, ಜೊತೆಗೆ ಬೆಲ್ಲ. ಬೆಲ್ಲದಂಥ ಸಿಹಿ ಬಿದ್ದರೆ ಒಳ್ಳೆಯ ಜೀವಿಗಳ ಜೊತೆ ಕೆಟ್ಟವೂ ಬೆಳೆಯಬಹುದು. ನಾನು ಬುಡಕ್ಕೆ ಮಾತ್ರ ಕೊಡುತ್ತೇನೆ, ಅದೂ ಬೇಯಿಸುವ ಬೆಳೆಗೆ. ಸೊಪ್ಪಿನ ಎಲೆ ಮೇಲೆ ಖಂಡಿತ ಸಿಂಪಡಿಸಬೇಡಿ. ಮಳೆ ಹನಿಗೆ ಮಣ್ಣು ಸಿಡಿದು ಎಲೆಗೆ ಅಂಟದ ಹಾಗೆ ಹುಲ್ಲಿನ ಹೊದಿಕೆ ಹಾಕಿ. ಕ್ಯಾರೆಟ್ ತೊಳೆಯಲು ಕೊಳವೆಬಾವಿ ನೀರೇ ಇರಲಿ, ಕೃಷಿ ಹೊಂಡದ್ದು ಬೇಡ.

ಬಳ್ಳಾರಿ ಕಡೆಯ ಪಶುವೈದ್ಯರು:

ದಿನದ ಲೆಕ್ಕವೇ ನಡೆಯದ ರೋಗಾಣುಗಳೂ ಇವೆ. ಅದನ್ನು ಸೇರಿಸುತ್ತೇನೆ. ನೆರಡಿ ರೋಗದ್ದು, ಅಂದರೆ ಆಂಥ್ರಾಕ್ಸಿನದ್ದು, ಗಟ್ಟಿ ಕವಚದ ಬೀಜಾಣು ಆಗಿ ಮಣ್ಣಿನಲ್ಲಿ ಹತ್ತಾರು ವರ್ಷ ಕೂರುತ್ತದೆ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಬ್ರಿಟಿಷ್ ಸೇನೆಯವರು ಕುರಿಗಳ ಮೇಲೆ ಇದನ್ನು ಪ್ರಯೋಗಿಸಿದರು. 1986ರಲ್ಲಿ ಮಣ್ಣಿಗೆ ಫಾರ್ಮಾಲ್ಡಿಹೈಡ್ ಸುರಿದು ಶುದ್ಧ ಮಾಡಬೇಕಾಯಿತು. ಸುರಕ್ಷಿತ ಎಂದು ಘೋಷಿಸಿದ್ದು 1990ರಲ್ಲಿ.

ಹಾಗಾಗಿ ಹೊಲದಲ್ಲಿ ನಿಲ್ಲಿಸಿದ ಮಂದೆಯಲ್ಲಿ ಕುರಿ ದಿಢೀರ್ ಸತ್ತು, ಮೂಗು, ಗುದದಿಂದ ಕಪ್ಪು ರಕ್ತ ಬಂದರೆ ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಹೆಣ ತೆರೆದು ಗಾಳಿ ತಾಗಿದಾಗಲೇ ಬೀಜಾಣು ಆಗುವುದು. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಸುಡುವುದೋ ಆಳವಾಗಿ ಹೂಳುವುದೋ ಅವರು ನೋಡಿಕೊಳ್ಳುತ್ತಾರೆ.

ಧನುರ್ವಾಯುವಿನ ರೋಗಾಣುವೂ ಇದೇ ರೀತಿಯ ಗಟ್ಟಿಗ. ಗೊಬ್ಬರ ಬಿದ್ದ ಮಣ್ಣಿನಲ್ಲಿ ಅದು ಇದ್ದೇ ಇರುತ್ತದೆ ಅಂದುಕೊಂಡು, ಹತ್ತು ವರ್ಷಕ್ಕೊಮ್ಮೆ ನೀವಿಬ್ಬರೂ ಲಸಿಕೆ ಹಾಕಿಸಿಕೊಳ್ಳಿ. ಮುಂದಿನ ಬೇಸಿಗೆಗೆ ಮಂದೆ ಕರೆಸುವ ಮೊದಲು, ಸುತ್ತಮುತ್ತ ಹಿಂದೆ ನೆರಡಿ ಬಂದಿತ್ತಾ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಬಂದಿದ್ದರೆ, ಆ ವರ್ಷದ ಲಸಿಕೆ ಆಗಿರುವ ಮಂದೆಯನ್ನೇ ಕರೆಸಿ.