ಮುಖದ ಅಳತೆಯಿಂದ ಹೊಟ್ಟೆಯ ಬೊಜ್ಜು ಗೊತ್ತಾಗುತ್ತದಾ?

ಮೈಸೂರು ಮಗಳು:
ನಮ್ಮಪ್ಪನಿಗೆ 58 ವರ್ಷ. ಕೆನ್ನೆ ಒಳಗೆ ಹೋಗಿದೆ, ದವಡೆಯ ಮೂಳೆ ಎದ್ದು ಕಾಣುತ್ತದೆ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ "ಎಷ್ಟು ಸೊರಗಿದ್ದೀರಿ, ಸರಿಯಾಗಿ ಊಟ ಮಾಡಿ" ಎನ್ನುತ್ತಾರೆ. ಆದರೆ ಹೋದ ವಾರದ ರಿಪೋರ್ಟಿನಲ್ಲಿ ಶುಗರ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಎರಡೂ ಜಾಸ್ತಿ. ಕೊರಿಯಾದಲ್ಲಿ ಮುಖದ ಫೋಟೋ ಅಳೆದು ಹೊಟ್ಟೆಯ ಬೊಜ್ಜನ್ನು ಅಂದಾಜು ಮಾಡಿದ್ದಾರೆ ಅಂತ ಓದಿದೆ. ಟೇಪ್ ತಂದರೆ ಅಪ್ಪ ರೇಗುತ್ತಾರೆ. ಫೋಟೋದಲ್ಲೇ ತಿಳಿದರೆ ಒಳ್ಳೆಯದು ಅಲ್ವಾ?

ನರ್ಸ್ ಅಕ್ಕ:
ತಂಗಿ, ಕೊರಿಯಾದ ಕೆಲಸ ನಿಜ. ಕಣ್ಣು, ಮೂಗು, ದವಡೆ, ಕತ್ತಿನ ಮೇಲೆ ಗುರುತು ಹಾಕಿ, ನಡುವಿನ ದೂರ ಅಳೆದು, ಅದನ್ನು ಹೊಟ್ಟೆಯ ಬೊಜ್ಜಿನ ಜೊತೆ ತಾಳೆ ನೋಡಿದರು. ಆದರೆ ಅದು ಬರೀ ಅಂದಾಜು, ಅದೂ ಅಲ್ಲಿನವರ ಮುಖಕ್ಕೆ. ಮೊಬೈಲನ್ನು ಹತ್ತಿರ ಹಿಡಿದು ಸೆಲ್ಫಿ ತೆಗೆದರೆ ಮೂಗೇ ದೊಡ್ಡದಾಗಿ ಬರುತ್ತದೆ!

ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗುತ್ತದೆ, ಹೊಟ್ಟೆಯೊಳಗಿನದು ಬೆಳೆಯುತ್ತಾ ಹೋಗಬಹುದು. ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಮುಖವೇ ಊದಿಕೊಳ್ಳಬಹುದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಒಟ್ಟಿಗೆ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನಮ್ಮವರ ಮೈಕಟ್ಟೇ ಹಾಗೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು.

ದರ್ಜಿ ಅಂಗಡಿ:
ಪ್ಯಾಂಟಿನ ನಂಬರ್ ನಂಬಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹತ್ತು ವರ್ಷದಿಂದ 34 ಎನ್ನುವ ಗಿರಾಕಿಯ ಹೊಟ್ಟೆಗೆ ಟೇಪ್ ಸುತ್ತಿದರೆ 39 ಇಂಚು ಬರುತ್ತದೆ. ಟೇಪ್ ಹಿಡಿದ ಕೂಡಲೇ ಎಲ್ಲರೂ ಉಸಿರು ಎಳೆದುಕೊಳ್ಳುತ್ತಾರೆ. ಸುಮ್ನೆ ಏನಾದರೂ ಮಾತಾಡಿಸಿ, ಉಸಿರು ಬಿಟ್ಟ ಮೇಲೆ ನೋಡಿ.

ನರ್ಸ್ ಅಕ್ಕ:
ಅಣ್ಣ ಹೇಳಿದ್ದು ಸರಿ. ಕೊನೆಯ ಪಕ್ಕೆಲುಬು, ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯೆ ಟೇಪ್ ಬರಬೇಕು. ಬಿಗಿಯಬೇಡಿ.

ಮೈಸೂರು ಮಗಳು:
ಅಳೆದೆ! ಮೊದಲು ನನ್ನದು, ಆಮೇಲೆ ಅಮ್ಮನದು. ಅಮ್ಮನದು 88 ಅಂತ ಕೂಗಿದ್ದು ಕೇಳಿ ಅಪ್ಪ ಪೇಪರ್ ಮಡಚಿಟ್ಟು ತಾವೇ ಎದ್ದು ಬಂದರು. ಬನಿಯನ್ ಎತ್ತಿ ನಿಂತರು. ಕ್ರಿಕೆಟ್ ಸ್ಕೋರ್ ಕೇಳುತ್ತಾ ಟೇಪ್ ಸುತ್ತಿದೆ. 97. ನಂಬದೆ ಇನ್ನೊಮ್ಮೆ ಅಳೆಸಿಕೊಂಡರು, ಮತ್ತೆ 97. ಸ್ವಲ್ಪ ಹೊತ್ತು ಮಾತೇ ಇಲ್ಲ. ನನಗೂ ಹೊಟ್ಟೆಯಲ್ಲಿ ಸಂಕಟ. ಆಮೇಲೆ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಕೆಳಗೆ ಪೆನ್ಸಿಲಿನಿಂದ ಮೂರು ಜನರದ್ದೂ ಬರೆದಿಟ್ಟರು. ಸೋಮವಾರ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ಅಮ್ಮನೂ ಬರುತ್ತಾರೆ.