ಹಕ್ಕಿಜ್ವರದ ‘ಕಲ್ಲಿಂಗ್’ಗೆ ‘ಆಯ್ದು ತೆಗೆ’ ಹೊಂದುತ್ತದೆಯೆ?

ಗೆಳೆಯರೆ,

ಆಲೂರು ಕಡೆಯ ಒಂದು ಮಹಿಳಾ ಸಂಘಕ್ಕೆ ಹಕ್ಕಿಜ್ವರದ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆದುಕೊಟ್ಟೆ. ರೋಗ ಹರಡದಂತೆ ಕೋಳಿಗಳನ್ನು ಕೊಲ್ಲುವುದಕ್ಕೆ ಪಶುವೈದ್ಯರು ಹೇಳುವ ‘ಕಲ್ಲಿಂಗ್’ (culling) ಅನ್ನುವಲ್ಲಿ ‘ಆಯ್ದು ತೆಗೆಯುವುದು’ ಎಂದು ಹಾಕಿದ್ದೆ. ಓದಿ ಹೇಳಿದಾಗ ಒಬ್ಬ ಅಜ್ಜಿ, “ಆರಿಸ್ಕಂಡ್ ಹೋಗೋದು ಸೀಕು ಬಂದಿರೋವನ್ನ ತಾನೆ? ನಮ್ಮ ಹ್ಯಾಟೆ ಗಟ್ಟಿಯಾಗೈತೆ, ಬಿಡ್ತಾರೆ ಬಿಡಪ್ಪ” ಅಂದರು.

ಅಜ್ಜಿ ಹಾಸನದಲ್ಲಿ ಕಾಫಿ ಬೀಜ ಆರಿಸುತ್ತಿದ್ದವರು. ಅವರ ಲೆಕ್ಕದಲ್ಲಿ ಆರಿಸುವುದೆಂದರೆ ಕರಿಬೀಜ, ಒಡಕು ತೆಗೆದು ಒಳ್ಳೆಯದನ್ನು ಉಳಿಸುವುದು. ಫಾರಂನಲ್ಲಿ ಮೊಟ್ಟೆ ನಿಲ್ಲಿಸಿದ ಕೋಳಿಗಳನ್ನು ಬೇರೆ ಮಾಡಿ ಮಾರುತ್ತಾರಲ್ಲ, ಅದೂ ಕಲ್ಲಿಂಗೇ. ಅಲ್ಲಿಗೆ ‘ಆಯ್ದು ತೆಗೆ’ ಸರಿ. ಹಕ್ಕಿಜ್ವರದಲ್ಲಿ ಆಯುವ ಮಾತೇ ಇಲ್ಲ. ರೋಗ ಖಚಿತವಾದ ಜಾಗದ ಸುತ್ತ 1 ಕಿ.ಮೀ.ವರೆಗೆ ಫಾರಂ ಕೋಳಿ, ನಾಟಿ ಕೋಳಿ, ಬಾತು, ಯಾವುದೂ ಉಳಿಯದು. ಅಲ್ಲಿಂದಾಚೆ 10 ಕಿ.ಮೀ.ವರೆಗೆ ಕಣ್ಗಾವಲು ಮಾತ್ರ. 2012ರಲ್ಲಿ ಹೆಸರಘಟ್ಟದಲ್ಲಿ ರೋಗ ಮೊದಲು ಕಂಡದ್ದು ಟರ್ಕಿಗಳಲ್ಲಿ. ಕೊಂದದ್ದು ಬರೀ ಟರ್ಕಿಗಳನ್ನಲ್ಲ. (‘ಕೋಳಿಜ್ವರ’ಕ್ಕಿಂತ ‘ಹಕ್ಕಿಜ್ವರ’ ನನಗೆ ಒಪ್ಪಿಗೆಯಾಗುವುದೂ ಇದಕ್ಕೇ.)

ಪದ ತಪ್ಪಿದರೆ ಅರ್ಥ ಕೆಡುವುದಷ್ಟೇ ಅಲ್ಲ. ಸೋಂಕು ತಗುಲಿದ ಕೋಳಿ ಒಂದೆರಡು ದಿನ ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ‘ಗಟ್ಟಿಯಾದದ್ದನ್ನು ಬಿಡುತ್ತಾರೆ’ ಎಂದುಕೊಂಡವರು ಅದನ್ನು ಮಂಕರಿಯಲ್ಲಿ ಹಾಕಿ ನೆಂಟರ ಊರಿಗೆ ದಾಟಿಸಿದರೆ ಜ್ವರವೂ ಬಸ್ಸು ಹತ್ತಿತು. ಪರಿಹಾರದ ಹಣ ಬರುವುದು ಇಲಾಖೆಯವರು ಕೊಂದ ಕೋಳಿಗೆ. ಅದೂ ಈ ಪದದೊಳಗೇ ಗೊತ್ತಾಗಬೇಕು.

ಪತ್ರಿಕೆಗಳ ‘ವಧೆ’ ನೋಡಿದೆ. ವಧಾಗಾರ ನೆನಪಾಗಿ ಮಾಂಸದ ವಾಸನೆ ಬರುತ್ತದೆ. ಇಲ್ಲಿ ಸುಣ್ಣ ಹಾಕಿ ಹೂಳುತ್ತಾರೆ. ‘ಹತ್ಯೆ’ ಪೊಲೀಸ್ ಠಾಣೆಯದು. ‘ಮಾರಣಹೋಮ’ ಟೀವಿಯವರಿಗಿರಲಿ. ಹಿಂಡು ಮತ್ತು ಕೊಲೆ ಸೇರಿಸಿ ‘ಹಿಂಡುಗೊಲೆ’ ಕಟ್ಟಿ ನೋಡಿದೆ, ಮತ್ತೆ ಠಾಣೆಗೇ ಹೋಯಿತು. ಪಶುವೈದ್ಯರು ‘ಕಲ್ಲಿಂಗ್’ ಅಂದದ್ದನ್ನು ಸಂಘದ ಒಬ್ಬರು ‘ಕಿಲ್ಲಿಂಗ್’ ಎಂದು ಕೇಳಿಸಿಕೊಂಡಿದ್ದರು. ನಿಘಂಟು ಹಿಡಿದ ನನಗಿಂತ ಅವರಿಗೇ ಅರ್ಥ ಸರಿಯಾಗಿ ಸಿಕ್ಕಿತ್ತು! ಸದ್ಯಕ್ಕೆ ‘ಎಲ್ಲವನ್ನೂ ಕೊಂದು ಹೂಳುವುದು’ ಎಂದು ತಿದ್ದಿದ್ದೇನೆ. ಉದ್ದವಾಯಿತು, ಆದರೆ ಅಜ್ಜಿ ಮತ್ತೆ ಕೇಳಲಿಲ್ಲ. ಒಂದೇ ಪದ ನಿಮಗೆ ಹೊಳೆದರೆ ಹೇಳಿ.

ಇನ್ನೊಂದು. ಅಜ್ಜಿ ಇದನ್ನೂ ‘ಕೊಕ್ಕರೆ ರೋಗ’ ಅನ್ನುತ್ತಾರೆ. ಅದು ರಾಣಿಖೇತ್, ಬೇರೆ ವೈರಸ್ಸು, ಲಸಿಕೆ ಇದೆ. ಆ ಹೆಸರಿನ ಕೊಕ್ಕರೆ ಕೆರೆಯ ಕೊಕ್ಕರೆಯೇ, ಇಲ್ಲ ಆ ರೋಗದಲ್ಲಿ ಕೋಳಿಯ ಕತ್ತು ತಿರುಚಿಕೊಳ್ಳುವುದಕ್ಕೆ ಬಂದದ್ದೆ? ಮೂಡಿಗೆರೆ, ಕೊಪ್ಪದ ಕಡೆಯವರು ಏನನ್ನುತ್ತೀರಿ?